ಮನೆಯೊಕ್ಕಲು: ಕಟ್ಟಡ ಮನೆಯಾಗುವ ಬಗೆ

ಹೊಸ ಮನೆಯ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ಪದ 'ಗೃಹಪ್ರವೇಶ'. ಆದರೆ ಕರಾವಳಿ ಮತ್ತು ಮಲೆನಾಡಿನ ಹಿರಿಯರ ಬಾಯಲ್ಲಿ ಅದೇ ಸಮಾರಂಭಕ್ಕೆ 'ಮನೆಯೊಕ್ಕಲು' ಎಂಬ ಹೆಸರಿದೆ. ತುಳುವಿನಲ್ಲಿ ಅದು 'ಇಲ್ಲೊಕ್ಕೆಲ್'. ಎರಡು ಪದಗಳೂ ಸೂಚಿಸುವುದು ಒಂದೇ ದಿನದ ಒಂದೇ ಕಾರ್ಯವನ್ನು. ಆದರೆ ಅವುಗಳ ನೋಟ ಬೇರೆ ಬೇರೆ. ಪ್ರವೇಶವೆಂದರೆ ಒಳಗೆ ಹೋಗುವುದು. ಅದು ಒಂದು ಗಳಿಗೆಯ ಕೆಲಸ. ಒಕ್ಕಲೆಂದರೆ ನೆಲೆಸುವುದು, ಅದಕ್ಕೆ ವರ್ಷಗಳೇ ಬೇಕು.

ಒಕ್ಕಲು ಎಂಬುದು ಕನ್ನಡದ ಬಹು ಹಳೆಯ ಪದಗಳಲ್ಲೊಂದು. ಅದರ ಸಂಸಾರ ದೊಡ್ಡದು. ಭೂಮಿಯನ್ನು ನಂಬಿ ಬದುಕುವವನು ಒಕ್ಕಲಿಗ, ಅವನ ಕಸುಬು ಒಕ್ಕಲುತನ. ಒಂದು ದೇವಸ್ಥಾನಕ್ಕೆ ನಡೆದುಕೊಳ್ಳುವ ಕುಟುಂಬಗಳು ಆ ದೇವರ ಒಕ್ಕಲು. ಕೊಡಗಿನಲ್ಲಿ ಒಂದೇ ಮೂಲದ ಕುಟುಂಬಕ್ಕೆ 'ಒಕ್ಕ' ಎನ್ನುತ್ತಾರೆ. ಗೇಣಿಗೆ ಜಮೀನು ಹಿಡಿದವನನ್ನೂ ಧಣಿಯು ತನ್ನ 'ಒಕ್ಕಲು' ಎಂದೇ ಕರೆಯುತ್ತಿದ್ದ. ಇನ್ನು ಮನೆಯಿಂದ ಯಾರನ್ನಾದರೂ ಬಲವಂತವಾಗಿ ಹೊರಹಾಕಿದರೆ ಅದಕ್ಕೆ ಪತ್ರಿಕೆಗಳು ದಿನವೂ ಬಳಸುವ ಪದ 'ಒಕ್ಕಲೆಬ್ಬಿಸು'. ಮನೆ ಸೇರುವ ಸಂತೋಷಕ್ಕೂ ಮನೆ ಬಿಡುವ ಸಂಕಟಕ್ಕೂ ಬೇರು ಒಂದೇ ಪದ.

ಹೊಸ ಕಟ್ಟಡವೊಂದು ಆಪ್ತವಾದ ಮನೆಯಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವೂ ಈ ಪದದಲ್ಲಿಯೇ ಅಡಗಿದೆ. ಪರದೆ, ದೀಪ, ಸೋಫಾಗಳ ಮಾತು ಆಮೇಲಿನದು. ಕನ್ನಡನಾಡಿನ ಮನೆಗಳ ಚರಿತ್ರೆಯನ್ನು ನೋಡಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಳಗಿರುವವರ ಕೈ ಮನೆಯ ಮೇಲೆ ನಿತ್ಯ ಆಡುತ್ತಿರಬೇಕು ಎಂಬುದು ಒಂದು. ಅಲ್ಲಿಯೇ ಉಳಿಯುತ್ತೇವೆ ಎಂಬ ಭರವಸೆ ಇರಬೇಕು ಎಂಬುದು ಇನ್ನೊಂದು.

ಒಂದು ದಿನದ ವಿಧಿ

ಹೊಸ ಮನೆಗೆ ಹೋಗುವಾಗ ಮನುಷ್ಯನಿಗೆ ಅಳುಕು ಹುಟ್ಟುವುದು ಹೊಸದೇನಲ್ಲ. ಋಗ್ವೇದದ 7ನೇ ಮಂಡಲದ 54ನೇ ಸೂಕ್ತವು ವಾಸ್ತೋಷ್ಪತಿ ಎಂಬ ದೇವತೆಯನ್ನು ಕುರಿತದ್ದು. ಈತ ನೆಲೆಯ ಒಡೆಯ. ರೋಗವಿಲ್ಲದಂತೆ ಕಾಪಾಡು, ಎರಡು ಕಾಲಿನವರಿಗೂ ನಾಲ್ಕು ಕಾಲಿನವಕ್ಕೂ ಒಳ್ಳೆಯದನ್ನು ಮಾಡು, ತಂದೆ ಮಕ್ಕಳನ್ನು ಕಂಡಂತೆ ನಮ್ಮನ್ನು ಕಾಣು ಎಂಬುದು ಅಲ್ಲಿನ ಪ್ರಾರ್ಥನೆಯ ಸಾರ. ಮನೆಯ ಅಂದಚೆಂದದ ಬೇಡಿಕೆ ಅದರಲ್ಲಿಲ್ಲ. ದನಕರುಗಳೊಡನೆ ಕ್ಷೇಮವಾಗಿ ಇರಗೊಡು ಎಂಬುದಷ್ಟೇ ಅಲ್ಲಿನ ಕೋರಿಕೆ.

ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ವಾಸ್ತುವಿದ್ಯೆಗೆಂದೇ ಒಂದು ಅಧ್ಯಾಯವಿದೆ. ನಿವೇಶನವನ್ನು 81 ಪದಗಳಾಗಿ, ಎಂದರೆ ಚೌಕಗಳಾಗಿ ವಿಂಗಡಿಸಿ, ಅದರಲ್ಲಿ 45 ದೇವತೆಗಳಿಗೆ ಸ್ಥಾನ ಕಲ್ಪಿಸುವ ಕ್ರಮ ಅಲ್ಲಿ ಬರುತ್ತದೆ. ಭೂಮಿಯಲ್ಲಿ ಅದುಮಲ್ಪಟ್ಟ ವಾಸ್ತುಪುರುಷನ ಮೈಮೇಲೆ ಈ ದೇವತೆಗಳು ಕುಳಿತಿದ್ದಾರೆ ಎಂಬುದು ಕಲ್ಪನೆ. ಇದನ್ನು ನಂಬುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಇದರ ಹಿಂದಿನ ಭಾವ ಗಮನಿಸಬೇಕಾದದ್ದು. ಖಾಲಿ ನಿವೇಶನವೆಂಬುದು ನಿಜಕ್ಕೂ ಖಾಲಿಯಲ್ಲ, ಅಲ್ಲಿ ಮೊದಲೇ ಯಾರೋ ಇದ್ದಾರೆ, ಬಂದವರು ಅವರ ಅನುಮತಿ ಕೇಳಿ ಒಳಗೆ ಹೋಗಬೇಕು ಎಂಬ ವಿನಯ ಅದು.

ಈಗಲೂ ನಡೆಯುವ ಕ್ರಮಗಳಲ್ಲಿ ಈ ವಿನಯ ಉಳಿದಿದೆ. ಬಾಗಿಲಿಗೆ ಮಾವಿನ ತೋರಣ, ಹೊಸಿಲಿಗೆ ಅರಿಸಿನ ಕುಂಕುಮ, ದೃಷ್ಟಿಗೆಂದು ಬೂದುಗುಂಬಳ. ಮನೆಯವರಿಗಿಂತ ಮೊದಲು ಹಸು ಮತ್ತು ಕರು ಒಳಗೆ ಹೋಗಬೇಕು. ಅವುಗಳ ಹಿಂದೆ ತುಂಬಿದ ಕಲಶ, ದೀಪ, ಧಾನ್ಯ. ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ ಹಾಲು ಉಕ್ಕಿಸುತ್ತಾರೆ. ಒಂದು ಸಂಸಾರ ನಿತ್ಯ ಬಾಳಲು ಏನೇನು ಬೇಕೋ ಅದೆಲ್ಲವೂ, ನೀರು, ಬೆಂಕಿ, ಕಾಳು, ಹೈನು, ಬೆಳಕು, ಆ ಒಂದು ಬೆಳಗ್ಗೆ ಸಾಲಾಗಿ ಒಳಗೆ ಬರುತ್ತವೆ. ಗೃಹಪ್ರವೇಶವೆಂದರೆ ಮುಂದಿನ ದಿನಗಳ ಬದುಕನ್ನು ಒಮ್ಮೆ ಆಡಿ ತೋರಿಸುವ ತಾಲೀಮು. ಕೆಲವೊಮ್ಮೆ ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಹಸುವನ್ನು ನೆಲಮಾಳಿಗೆಯಲ್ಲಿಯೇ ಪೂಜಿಸಿ ಕಳುಹಿಸುತ್ತಾರೆ. ನಗುವವರು ನಗಬಹುದು, ಆದರೆ ಅಷ್ಟು ತೊಂದರೆ ತೆಗೆದುಕೊಂಡು ಹಸುವನ್ನು ಕರೆಸುವುದರ ಹಿಂದೆ ಬಾಳಿನ ಗುರುತೊಂದು ತಮ್ಮ ಮನೆಗೂ ಬರಲಿ ಎಂಬ ಆಸೆಯಿದೆ.

ಕನ್ನಡದಲ್ಲಿ ಇನ್ನೊಂದು ಗೃಹಪ್ರವೇಶವೂ ಇದೆ. ಮದುವೆಯಾದ ಹೆಣ್ಣು ಗಂಡನ ಮನೆಯ ಹೊಸಿಲಿನ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುವುದು. ಇದಕ್ಕೆ ಜನ 'ಮನೆ ತುಂಬಿಸಿಕೊಳ್ಳುವುದು' ಎನ್ನುತ್ತಾರೆ. ಗೋಡೆ ಎದ್ದು ಮಾಡು ಕೂತರೂ ಮನೆ ತುಂಬಿರುವುದಿಲ್ಲ. ಬಾಳುವವರು ಬಂದಾಗ ತುಂಬುತ್ತದೆ ಎಂಬ ತಿಳಿವಳಿಕೆ ಈ ಮಾತಿನಲ್ಲಿದೆ. ಹಳೆ ಮೈಸೂರಿನ ಹಲವು ಕುಟುಂಬಗಳಲ್ಲಿ ಮದುಮಗಳ ಜೊತೆಗೆ ತವರಿನಿಂದ ಪಟ್ಟದ ಗೊಂಬೆಗಳನ್ನು ಕೊಟ್ಟು ಕಳುಹಿಸುತ್ತಿದ್ದರು. ನವರಾತ್ರಿಯಲ್ಲಿ ಆ ರಾಜ ರಾಣಿಯರ ಜೋಡಿಯನ್ನು ಹಂತದ ಮೇಲೆ ಕೂರಿಸಿದಾಗ ಹೊಸ ಮನೆಯಲ್ಲಿ ಅವಳಿಗೂ ಒಂದು ಮೂಲೆ ದಕ್ಕುತ್ತಿತ್ತು.

ಕೈಯಾಡಿದ ನೆಲ

ವಿಧಿ ಮುಗಿದ ಮಾರನೆಯ ದಿನದಿಂದ ನಿಜವಾದ ಒಕ್ಕಲುತನ ಶುರು. ಮಣ್ಣಿನ ಮನೆ ಒಮ್ಮೆ ಕಟ್ಟಿ ಮುಗಿಯುವಂಥದಲ್ಲ. ಅದನ್ನು ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಮತ್ತೆ ಕಟ್ಟಬೇಕು. ನೆಲವನ್ನು ವಾರಕ್ಕೊಮ್ಮೆಯೋ ಹಬ್ಬ ಹುಣ್ಣಿಮೆಗೋ ಸಗಣಿಯಿಂದ ಸಾರಿಸಬೇಕು. ಮಲೆನಾಡು, ಕರಾವಳಿಗಳಲ್ಲಿ ಸಗಣಿಗೆ ಇದ್ದಿಲ ಪುಡಿಯನ್ನೋ, ಈಚಿನ ವರ್ಷಗಳಲ್ಲಿ ಹಳೆಯ ಬ್ಯಾಟರಿ ಸೆಲ್ಲಿನ ಕರಿಯನ್ನೋ ಬೆರೆಸಿ, ಅಡಿಕೆ ಹಾಳೆಯ ತುಂಡಿನಿಂದ ಎಳೆದು, ಮುಖ ಕಾಣುವಷ್ಟು ಕಪ್ಪಗೆ ನುಣುಪು ಮಾಡುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಅಂಗಳ ಕೊಚ್ಚಿಹೋಗದಂತೆ ಸೋಗೆ ಹಾಸುವುದು, ಮಳೆ ನಿಂತ ಮೇಲೆ ಅದನ್ನು ತೆಗೆದು ಮಣ್ಣು ಕೆತ್ತಿ, ನೀರು ಹೊಯ್ದು, ಮರದ ಹಲಗೆಯಿಂದ ಬಡಿದು ಹೊಸ ಅಂಗಳ ಮಾಡುವುದು ವರ್ಷದ ಕೆಲಸ. ಅಡಿಕೆ ಒಣಗುವುದು, ಭತ್ತ ಬಡಿಯುವುದು, ಮದುವೆಯ ಚಪ್ಪರ ಏಳುವುದು ಎಲ್ಲವೂ ಆ ಅಂಗಳದಲ್ಲಿಯೇ.

ಗೋಡೆಗೂ ಇದೇ ಉಪಚಾರ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆಯ ದೀವರ ಹೆಂಗಸರ ಹಸೆ ಚಿತ್ತಾರ ಈಗ ದೇಶಕ್ಕೆಲ್ಲ ಪರಿಚಿತ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯನ್ನು ನೆನೆಸಿ ಅರೆದ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಇಷ್ಟೇ ಸಾಮಗ್ರಿ. ಮದುವೆ ಬಂತೆಂದರೆ ಗೋಡೆಯ ಮೇಲೆ ಗೆರೆ, ಚೌಕ, ತ್ರಿಕೋನಗಳ ಹಸೆ ಮೂಡುತ್ತದೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಯ ಮೇಲೂ ಅದೇ ಕೈಚಳಕ. ಪಟ್ಟಣದವರು ಈಗ ಇದನ್ನು ಚೌಕಟ್ಟು ಹಾಕಿಸಿ ಕೋಣೆಯಲ್ಲಿ ತೂಗುಹಾಕುತ್ತಾರೆ. ಮೂಲದಲ್ಲಿ ಅದು ಅಳಿಸಿಹೋಗುವ ಕಲೆ. ಅಳಿಸಿದ ಮೇಲೆ ಮುಂದಿನ ಮದುವೆಗೆ ಇನ್ನೊಬ್ಬಳು ಬರೆಯಬೇಕು. ಬರೆಯುವಾಗ ಮನೆಯ ಹಿರಿಯಳಿಂದ ಕಲಿಯಬೇಕು.

ಬಾಗಿಲ ಮುಂದಿನ ರಂಗೋಲಿಯದೂ ಅದೇ ಕತೆ. ಬೆಳಗ್ಗೆ ಎಳೆದ ಗೆರೆ ಸಂಜೆಯ ಹೊತ್ತಿಗೆ ಕಾಲಡಿಗೆ ಸಿಕ್ಕಿ ಹೋಗಿರುತ್ತದೆ. ಆದರೆ ಬೀದಿಯಲ್ಲಿ ಹೋಗುವವರಿಗೆ ಅದು ಕೊಡುವ ಸುದ್ದಿ ಸ್ಪಷ್ಟ: ಈ ಮನೆಯಲ್ಲಿ ಇವತ್ತು ಎದ್ದಿದ್ದಾರೆ, ಎಲ್ಲ ಸರಿಯಾಗಿದೆ. ರಂಗೋಲಿಯಿಲ್ಲದ ಹೊಸಿಲು ಕಂಡರೆ ನೆರೆಹೊರೆಯವರು ಒಳಗಿನವರನ್ನು ವಿಚಾರಿಸುತ್ತಿದ್ದರು. ಕೊಡಗಿನ ಐನ್‌ಮನೆಗಳ ನಡುವಿನ ಹಜಾರದಲ್ಲಿ ತೂಗುವ ನೆಲ್ಲಕ್ಕಿ ಬೊಳ್ಚವೂ ಇಂಥದೇ. ಒಕ್ಕದ ಮಂದಿ ಎಲ್ಲೆಲ್ಲಿ ಚದುರಿದ್ದರೂ ಹಿರಿಯರ ಮನೆಯಲ್ಲಿ ಆ ದೀಪ ಬೆಳಗುತ್ತಿದ್ದರೆ ಮನೆ ಬದುಕಿದೆ ಎಂದು ಅರ್ಥ.

ಹೆಂಚು ಬಂದ ಮೇಲೆ

ಹೀಗೆ ಸದಾ ಕೈ ಬೇಡುತ್ತಿದ್ದ ಮನೆಗಳಿಗೆ ಮೊದಲ ದೊಡ್ಡ ಬದಲಾವಣೆ ಬಂದದ್ದು ಮಾಡಿನಿಂದ. ಹುಲ್ಲಿನ, ಸೋಗೆಯ ಮಾಡನ್ನು ಮಳೆಗಾಲಕ್ಕೆ ಮೊದಲು ಮತ್ತೆ ಹೊದೆಸಬೇಕಿತ್ತು. ಒಂದು ಕಿಡಿ ಬಿದ್ದರೆ ಕೇರಿಯೇ ಭಸ್ಮವಾಗುವ ಭಯ ಬೇರೆ. ಕುಂಬಾರರು ಮಾಡುತ್ತಿದ್ದ ನಾಡಹೆಂಚು ಬೆಂಕಿಗೆ ಅಂಜದಿದ್ದರೂ ಗಾಳಿ, ಮಂಗಗಳ ಹಾವಳಿಗೆ ಜರುಗುತ್ತಿತ್ತು. ವರ್ಷಕ್ಕೊಮ್ಮೆ ಮಾಡು ಹತ್ತಿ 'ಹೆಂಚು ಕೈಯಾಡಿಸುವುದು' ತಪ್ಪುತ್ತಿರಲಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅದರ ಹಿಂದಿದ್ದವರು ಮಿಷನ್ನಿನ ತಂತ್ರಜ್ಞ ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು, ಯಂತ್ರದ ಅಚ್ಚು, ದೊಡ್ಡ ಆವಿಗೆ, ಒಂದರ ಅಂಚು ಇನ್ನೊಂದಕ್ಕೆ ಕೊಂಡಿಯಂತೆ ಸಿಕ್ಕಿಕೊಳ್ಳುವ ಚಪ್ಪಟೆ ಹೆಂಚು. ಜರುಗದ, ಸೋರದ ಈ ಹೆಂಚು ಕೆಲವೇ ದಶಕಗಳಲ್ಲಿ ಕರಾವಳಿಯನ್ನು ದಾಟಿ ಘಟ್ಟ ಹತ್ತಿತು, ಹಡಗು ಹತ್ತಿ ಪರದೇಶಗಳಿಗೂ ಹೋಯಿತು. ಸ್ಥಳೀಯರೂ ನದಿದಡಗಳಲ್ಲಿ ಕಾರ್ಖಾನೆಗಳನ್ನು ತೆರೆದರು. ನಡುವೆ ಒಂದೆರಡು ಗಾಜಿನ ಹೆಂಚು ಇಟ್ಟರೆ ಕತ್ತಲೆಯ ಅಡುಗೆಮನೆಗೆ ಬೆಳಕೂ ಇಳಿಯಿತು.

ಈ ಕಾರ್ಖಾನೆಯ ಹುಟ್ಟಿನಲ್ಲಿಯೇ ಒಕ್ಕಲಿನ ಪ್ರಶ್ನೆ ಇತ್ತು ಎಂಬುದು ವಿಶೇಷ. ಮತಾಂತರಗೊಂಡವರು ಮನೆ, ಜಾತಿ, ಕಸುಬುಗಳಿಂದ ಹೊರಗಾದಾಗ ಅವರಿಗೆ ಜೀವನೋಪಾಯ ಬೇಕಾಯಿತು. ನೇಯ್ಗೆ ಮತ್ತು ಹೆಂಚಿನ ಉದ್ಯಮಗಳನ್ನು ಮಿಷನ್ ಬೆಳೆಸಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ನೆಲೆ ತಪ್ಪಿದವರು ಊರಿಗೆಲ್ಲ ಮಾಡು ಹೊದೆಸುವ ಹೆಂಚು ಸುಟ್ಟರು. ಒಕ್ಕಲು ಎಂಬ ಪದದ ಅರ್ಥಗಳನ್ನು ದಾಖಲಿಸಿದ ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದೂ ಇದೇ ಮಿಷನ್ನಿನಿಂದ, ಇದೇ ಮಂಗಳೂರಿನಲ್ಲಿ.

ಹೆಂಚಿನಿಂದ ಮನೆಯವರ ಒಂದು ಶ್ರಮ ಕಡಿಮೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ನೆಲಕ್ಕೂ ಅದೇ ಆಯಿತು. ಸಿಮೆಂಟಿನೊಡನೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಗಾರೆ ಕೆಲಸದವರು ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತರಿಸಿದ ಕೆಂಪು ನೆಲ ಮನೆ ಮನೆಗೆ ಬಂತು. ಸಗಣಿ ಸಾರಿಸುವ ಕೆಲಸ ತಪ್ಪಿತು. ಆದರೂ ಈ ನೆಲಕ್ಕೆ ಹಳೆಯ ಮನೆಯ ಒಂದು ಗುಣ ಉಳಿದಿತ್ತು. ಓಡಾಡಿದಷ್ಟೂ, ಒರೆಸಿದಷ್ಟೂ ಅದು ನುಣುಪಾಗುತ್ತಿತ್ತು. ಹೊಸದಾಗಿದ್ದಾಗ ಒರಟು, ಹಳತಾದ ಮೇಲೆ ಚೆಂದ. ಮುಂದೆ ಬಂದ ಮೊಸಾಯಿಕ್, ಈಗಿನ ವಿಟ್ರಿಫೈಡ್ ಟೈಲುಗಳದು ಇದಕ್ಕೆ ವಿರುದ್ಧ ಸ್ವಭಾವ. ಹಾಕಿದ ದಿನವೇ ಅವುಗಳ ಚೆಲುವಿನ ಶಿಖರ. ಮನೆಯವರ ಕಾಲ ಗುರುತು ಅವಕ್ಕೆ ಬೇಕಿಲ್ಲ.

ಬಡಾವಣೆಗೆ ಬಂದ ಬದುಕು

ಒಂದೊಂದೇ ಹೊಸ ಮನೆಯ ಮಾತು ಹೀಗಾದರೆ, ಇಡೀ ಊರೇ ಹೊಸತಾದಾಗ ಏನಾಗುತ್ತದೆ? ಬೆಂಗಳೂರು ಇದಕ್ಕೆ ಒಳ್ಳೆಯ ನಿದರ್ಶನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಜನ ಮನೆ ಬಿಟ್ಟು ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡರು. ಗೋಡೆಗೆ ಗೋಡೆ ತಾಗಿದ, ಗಾಳಿಯಾಡದ ಪೇಟೆಯ ಮನೆಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. 1890ರ ದಶಕದಲ್ಲಿ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಪ್ಲೇಗಿನಿಂದ ವೇಗ ಬಂತು. ನೇರವಾದ ರಸ್ತೆ, ಮನೆಯ ಸುತ್ತ ಜಾಗ, ಹಿಂದುಗಡೆ ಜಲಗಾರರ ಓಣಿ, ದೊಡ್ಡ ಕಿಟಕಿಗಳು. ಆರೋಗ್ಯವಂತ ಮನೆಯೆಂದರೆ ಗಾಳಿ ಬೆಳಕಿನ ಮನೆ ಎಂಬ ಹೊಸ ತಿಳಿವಳಿಕೆ ನೆಲೆಯೂರಿತು.

ಆದರೆ ಪೇಟೆಯಿಂದ ಬಂದವರಿಗೆ ಈ ಬಡಾವಣೆಗಳು ಮೊದಮೊದಲು ಕಾಡಿನಂತೆಯೇ ಕಂಡಿರಬೇಕು. ಅವು ಊರಾದದ್ದು ಹಳೆಯ ಗುರುತುಗಳಿಗೆ ಆತುಕೊಂಡು. ಮಲ್ಲೇಶ್ವರಕ್ಕೆ ಹೆಸರು ಕೊಟ್ಟದ್ದು ಕಾಡು ಮಲ್ಲೇಶ್ವರ ದೇವಸ್ಥಾನ, ಬಸವನಗುಡಿಗೆ ದೊಡ್ಡ ಬಸವಣ್ಣನ ಗುಡಿ. ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆಗೆ ಸುತ್ತಲಿನ ಹಳ್ಳಿಗಳ ರೈತರು ಬರುತ್ತಲೇ ಇದ್ದರು. ಹೊಸ ನಿವಾಸಿಗಳು ಆ ಜಾತ್ರೆಯಲ್ಲಿ ಬೆರೆತು ಹಳಬರಾದರು. ರಸ್ತೆಗೆ ಸಂಪಿಗೆಯ ಹೆಸರು ಬಂತು, ಮನೆಯ ಹಿಂದೆ ತೆಂಗು ಎದ್ದಿತು, ಮುಂದೆ ತುಳಸಿಕಟ್ಟೆ ಬಂತು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ ಬಡಾವಣೆಗಳ ಸಂಖ್ಯೆ ಬೆಳೆಯುತ್ತ ಹೋಯಿತು. ಸೈಟು ಸಿಕ್ಕವರು ಮನೆ ಕಟ್ಟಿದರು. ಊರು ಕಟ್ಟುವ ಕೆಲಸವನ್ನು ಗುಡಿ, ಶಾಲೆ, ತರಕಾರಿ ಗಾಡಿ, ಗಣೇಶೋತ್ಸವಗಳು ನಿಧಾನವಾಗಿ ಮಾಡಿದವು.

ಮನೆಯ ಒಳಗೂ ಹೊಸ ವಸ್ತುಗಳು ಬಂದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಅಚ್ಚುಕೂಟದಿಂದ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಹೊರಬಂದವು. ಅರಮನೆಯ ಗೋಡೆಗೆ ಮೀಸಲಾಗಿದ್ದ ಬಗೆಯ ಚಿತ್ರ ಗುಮಾಸ್ತನ ಮನೆಯ ಮೊಳೆಗೂ ಬಂತು. ಅದರ ಪಕ್ಕದಲ್ಲಿ ತೀರಿಕೊಂಡ ಹಿರಿಯರ ಭಾವಚಿತ್ರ, ಪಂಚಾಂಗದ ಕ್ಯಾಲೆಂಡರ್ ಸೇರಿದವು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂತು. ಮುಂದೆ ಮನೆ ಮನೆಗೂ ಬಲ್ಬು ಬಂದರೂ ದೇವರ ಮುಂದಿನ ಎಣ್ಣೆಯ ದೀಪ ಆರಲಿಲ್ಲ. ಅಷ್ಟೇ ಅಲ್ಲ, ಮುಸ್ಸಂಜೆ ಸ್ವಿಚ್ಚು ಒತ್ತಿದಾಗ ಬಲ್ಬಿಗೇ ಕೈ ಮುಗಿಯುವ ಹಿರಿಯರು ಎಷ್ಟೋ ಮನೆಗಳಲ್ಲಿದ್ದರು. ಹೊಸ ವಸ್ತುವನ್ನು ಹಳೆಯ ನಡೆಗೆ ಒಗ್ಗಿಸಿಕೊಳ್ಳುವುದೂ ಮನೆ ಮಾಡಿಕೊಳ್ಳುವ ಒಂದು ಕ್ರಮ.

ಯಾರಿಗೆ ಆಪ್ತ?

ಹಳೆಯ ಮನೆಗಳನ್ನು ನೆನೆಯುವಾಗ ಸಾಮಾನ್ಯವಾಗಿ ಜಗಲಿಯ ಮಾತು ಬರುತ್ತದೆ. ದಾರಿಹೋಕನಿಗೆ ನೆರಳು, ನೆರೆಯವರಿಗೆ ಹರಟೆಯ ಕಟ್ಟೆ ಎಂದು ಹೊಗಳುತ್ತಾರೆ. ಅದು ನಿಜ. ಆದರೆ ಎಷ್ಟೋ ಮಂದಿಗೆ ಜಗಲಿಯೇ ಕೊನೆಯ ಗಡಿಯೂ ಆಗಿತ್ತು. ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಜಗಲಿಯ ತನಕ ಬರಬಹುದು, ಯಾರು ಪಡಸಾಲೆಯಲ್ಲಿ ಕೂರಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ತೊಟ್ಟಿಮನೆಯ ಕಂಬಗಳ ಚೆಲುವನ್ನು ಮೆಚ್ಚುವಾಗ, ಆ ಮನೆಗೆ ಮಣ್ಣು ಹೊತ್ತವರಲ್ಲಿ ಹಲವರು ತೊಟ್ಟಿಯನ್ನು ಒಳಗಿನಿಂದ ಕಂಡಿರಲಿಲ್ಲ ಎಂಬುದನ್ನು ಮರೆಯಬಾರದು. ಮನೆಯ ಹೆಂಗಸರ ಪಾಲೂ ಹೀಗೆಯೇ. ನೆಲ ಸಾರಿಸಿ, ಹೊಗೆಯೊಲೆಯ ಮುಂದೆ ಕಣ್ಣು ಕೆಂಪಾಗಿಸಿಕೊಂಡವರಿಗೆ ತಿಂಗಳ ಮೂರು ದಿನ ಅದೇ ಮನೆಯಲ್ಲಿ 'ಹೊರಗೆ' ಜಾಗ. ಸಿಮೆಂಟಿನ ನೆಲ, ಗ್ಯಾಸಿನ ಒಲೆ, ನಲ್ಲಿಯ ನೀರು ಬಂದಾಗ ಅವರಿಗೆ ಹಳೆಯದು ಕಳೆದುಹೋಯಿತೆಂಬ ವ್ಯಥೆಗಿಂತ ಬೆನ್ನು ನೆಟ್ಟಗಾಯಿತೆಂಬ ನೆಮ್ಮದಿಯೇ ಹೆಚ್ಚಾಗಿದ್ದಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಉಳಿಯುವ ಭರವಸೆಯದು. ಕರಾವಳಿಯ ಗೇಣಿ ಪದ್ಧತಿಯಲ್ಲಿ ಮೂಲಗೇಣಿಯವನಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿದ್ದ. ನಾಳೆ ಒಕ್ಕಲೆಬ್ಬಿಸಬಹುದಾದ ನೆಲದಲ್ಲಿ ಗಟ್ಟಿ ಗೋಡೆ ಯಾರು ಎಬ್ಬಿಸುತ್ತಾರೆ? ಹತ್ತು ವರ್ಷಕ್ಕೆ ಫಲ ಕೊಡುವ ಹಲಸಿನ ಗಿಡ ಯಾರು ನೆಡುತ್ತಾರೆ? ಹೆಸರಿಗೆ 'ಒಕ್ಕಲು', ಆದರೆ ನಿಜವಾಗಿ ಒಕ್ಕಲಾಗುವ ಅವಕಾಶ ಅವನಿಗಿರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಸ್ಥಿತಿಯನ್ನು ಬದಲಿಸಿತು. ದೇವರಾಜ ಅರಸು ಅವರ ಕಾಲದ ಈ ಕಾಯಿದೆಯಿಂದ ಉಳುವವನಿಗೆ ಹೊಲದ ಹಕ್ಕು ಬಂತು. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಮನೆಯ ಹಕ್ಕು ಪಡೆಯಲೂ ಅವಕಾಶವಿತ್ತು. ಗುಡಿಸಲಿನ ಜಾಗದಲ್ಲಿ ಹೆಂಚಿನ ಮನೆ ಏಳಲು ಹಣವೊಂದೇ ಸಾಲದು, ಕಾಗದವೂ ಬೇಕಿತ್ತು.

ಕಾಗದವಿಲ್ಲದ ಒಕ್ಕಲುಗಳು ಆಮೇಲೂ ಉಳಿದವು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಂಥ ಎಷ್ಟೋ ಜನವಸತಿಗಳು ತಲೆಮಾರುಗಳಿಂದ ಇದ್ದರೂ ಕಂದಾಯ ದಾಖಲೆಯಲ್ಲಿ ಊರುಗಳಾಗಿರಲಿಲ್ಲ. ಇಂಥವನ್ನು ಕಂದಾಯ ಗ್ರಾಮಗಳಾಗಿ ಮಾಡಿ ಮನೆಗಳಿಗೆ ಹಕ್ಕು ಕೊಡಲು ಕಾಯಿದೆಗೆ ಮತ್ತೆ ತಿದ್ದುಪಡಿ ತರಬೇಕಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮ ನಡೆಯಿತು. ಮನೆ ಎಂದೋ ಕಟ್ಟಿದ್ದರು, ಹಾಲು ಎಂದೋ ಉಕ್ಕಿತ್ತು. ಆ ನೆಲದಲ್ಲಿ ಒಕ್ಕಲು ಎಂದು ಸರ್ಕಾರ ಒಪ್ಪಿದ್ದು ಆಗ.

ಇದರ ಇನ್ನೊಂದು ಮುಖ ಮುಳುಗಡೆಯ ಊರುಗಳದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ಶರಾವತಿ ಕಣಿವೆಯ ಹಳ್ಳಿಗಳು ನೀರಿನಡಿಗೆ ಹೋದವು. ಮುಂದೆ ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಪಟ್ಟಣದ ಭಾಗಗಳು ಸಿಕ್ಕಿ, ಪಕ್ಕದಲ್ಲಿ ನವನಗರ ಎದ್ದಿತು. ಮುಳುಗಡೆಯ ಊರುಗಳಿಂದ ಹೊರಟವರು ಬಾಗಿಲುವಾಡ, ತೊಲೆ, ಹೆಂಚುಗಳನ್ನು ಬಿಚ್ಚಿ ಗಾಡಿಗೆ ಹೇರಿಕೊಂಡು ಹೋಗುವುದುಂಟು. ಮರ ಬೆಲೆಬಾಳುತ್ತದೆ ಎಂಬುದು ಒಂದು ಕಾರಣ. ಅಜ್ಜ ಅಜ್ಜಿ ದಾಟಿದ ಹೊಸಿಲನ್ನೇ ಹೊಸ ಊರಲ್ಲಿಯೂ ದಾಟಬೇಕೆಂಬುದು ಇನ್ನೊಂದು. ಶರಾವತಿಯಿಂದ ಎದ್ದುಬಂದವರು ಹೊಸ ನೆಲದಲ್ಲಿ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆಗೆ ಹಸೆ ಬರೆದರು. ಆದರೆ ಆರು ದಶಕಗಳಾದರೂ ಭೂಮಿಯ ಹಕ್ಕಿನ ತೊಡಕು ಅವರಲ್ಲಿ ಹಲವರ ಬೆನ್ನು ಬಿಟ್ಟಿಲ್ಲ. ಕೈಯಾಡಿದ ಮನೆ ಅವರದು, ಭರವಸೆಯ ಕಾಗದ ಮಾತ್ರ ಬಾಕಿ.

ಹನ್ನೊಂದು ತಿಂಗಳ ಮನೆ

ನಗರದ ಬಾಡಿಗೆದಾರನ ಪಾಡು ಇದೇ ಪ್ರಶ್ನೆಯ ಸೌಮ್ಯ ರೂಪ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯ ಪತ್ರವನ್ನು ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಕರಾರುಗಳು 11 ತಿಂಗಳಿಗೆ ಬರೆಯಲ್ಪಡುತ್ತವೆ. ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು ಎಂಬ ಷರತ್ತುಗಳೂ ಇರುತ್ತವೆ. ಮೊಳೆಯಿಲ್ಲದ ಗೋಡೆಯಲ್ಲಿ ಅಜ್ಜನ ಫೋಟೋ ಎಲ್ಲಿ ಇರಬೇಕು? ಹಿಂದಿನ ಬೆಂಗಳೂರು, ಮೈಸೂರುಗಳ ವಠಾರಗಳಲ್ಲಿ ಈ ಕೊರತೆಯನ್ನು ನೆರೆಹೊರೆ ತುಂಬಿಕೊಡುತ್ತಿತ್ತು. ಒಂದೇ ನಲ್ಲಿ, ಒಂದೇ ಅಂಗಳ, ನಾಲ್ಕಾರು ಸಂಸಾರಗಳು. ಜಗಳವೂ ಇತ್ತು, ಹುಷಾರಿಲ್ಲದಾಗ ಪಕ್ಕದ ಮನೆಯಿಂದ ಸಾರೂ ಬರುತ್ತಿತ್ತು. ಕೋಣೆ ತಮ್ಮದಲ್ಲದಿದ್ದರೂ ವಠಾರ ತಮ್ಮದೆನಿಸುತ್ತಿತ್ತು.

ಬಹುಮಹಡಿ ಕಟ್ಟಡಗಳ ಈ ಕಾಲದಲ್ಲಿಯೂ ಜನ ಒಕ್ಕಲಾಗುವ ದಾರಿಗಳನ್ನು ಹುಡುಕಿಕೊಳ್ಳುತ್ತಿದ್ದಾರೆ. ಬಾಲ್ಕನಿಯ ಕುಂಡದಲ್ಲಿ ತುಳಸಿ, ಬಾಗಿಲ ಮುಂದೆ ಅಂಟಿಸಿದ ರಂಗೋಲಿ, ಮೊಳೆ ಬೇಡವೆಂದಲ್ಲಿ ಕಪಾಟಿನ ಮೇಲೆ ಒರಗಿಸಿದ ಹಿರಿಯರ ಪಟ. ಅಂಟಿಸಿದ ರಂಗೋಲಿಯನ್ನು ನೋಡಿ ಮೂಗು ಮುರಿಯುವುದು ಸುಲಭ. ಬೆಳಗ್ಗೆ ಏಳು ಗಂಟೆಗೆ ಬಸ್ಸು ಹಿಡಿಯುವವಳಿಗೆ ಅದೇ ಸಾಧ್ಯವಾದದ್ದು. ಆದರೆ ಒಂದು ವ್ಯತ್ಯಾಸವನ್ನು ಒಪ್ಪಬೇಕು. ಅಳಿಸದ ರಂಗೋಲಿ ಒಳಗಿನವರ ಕ್ಷೇಮದ ಸುದ್ದಿಯನ್ನು ಹೊರಗೆ ಹೇಳುವುದಿಲ್ಲ. ಆ ಸುದ್ದಿ ಕೇಳಲು ಪಕ್ಕದ ಬಾಗಿಲನ್ನೇ ತಟ್ಟಬೇಕು.

ಹೊಸ ಮನೆಯನ್ನು ಒಂದೇ ಕಂತಿನಲ್ಲಿ ಸಜ್ಜುಗೊಳಿಸಿ ಕೀಲಿಕೈ ಒಪ್ಪಿಸುವ ಗೃಹಾಲಂಕಾರದ ವ್ಯಾಪಾರ ಈಗ ದೊಡ್ಡದಾಗಿ ಬೆಳೆದಿದೆ. ಅನುಕೂಲವಿದ್ದವರು ಮಾಡಿಸಿಕೊಳ್ಳಲಿ. ಹಳೆಯ ಮನೆಗಳು ಹೇಳುವುದು ಇಷ್ಟೇ: ಮೊದಲ ದಿನವೇ ಮುಗಿದ ಮನೆಯಲ್ಲಿ ಮನೆಯವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಒಂದು ಗೋಡೆಯನ್ನು ಖಾಲಿ ಬಿಟ್ಟರೆ ಅದರ ಮೇಲೆ ಮಗುವಿನ ಎತ್ತರದ ಗೆರೆಗಳು ಏರುತ್ತವೆ. ಒಂದು ಮೂಲೆ ಬಿಟ್ಟರೆ ಅದಕ್ಕೆ ಊರಿಂದ ತಂದ ಹಳೆಯ ಮಣೆಯೋ, ಅಜ್ಜಿಯ ಒರಳೋ ಬಂದು ಕೂರುತ್ತದೆ. ಸಾರಿಸುವ ನೆಲ ಹೋಗಿದೆ. ಆದರೆ ಗಿಡಕ್ಕೆ ನೀರು ಹಾಕುವ, ದೀಪ ಹಚ್ಚುವ, ಬಂದವರಿಗೆ ಬಾಗಿಲು ತೆರೆಯುವ ಕೆಲಸಗಳು ಹೋಗಿಲ್ಲ. ಹಿಂದೆ ಅವು ಒಬ್ಬಳ ಪಾಲಿಗೆ ಬಿದ್ದಿದ್ದವು. ಈಗ ಮನೆಯವರೆಲ್ಲ ಹಂಚಿಕೊಂಡರೆ ಎಲ್ಲರೂ ಆ ಮನೆಗೆ ಒಕ್ಕಲಾಗುತ್ತಾರೆ.